ಎರಡು ಬೆರಳು ಸಡಿಲ

ಕಬ್ಬಿಣ ನೋಡಿ ಬೆರಗಾಗುವುದನ್ನು ನಾನು ಬಿಟ್ಟು ಬಹಳ ವರ್ಷಗಳಾಗಿದ್ದವು. ಯಲಬುರ್ಗಾದಲ್ಲಿ ಕುಷ್ಟಗಿ ರಸ್ತೆಗೆ ನನ್ನ ವೆಲ್ಡಿಂಗ್ ಅಂಗಡಿ. ಕೊಪ್ಪಳ ಬೇರೆ ಜಿಲ್ಲೆಯಾಯಿತಲ್ಲ, ತೊಂಬತ್ತೇಳರಲ್ಲಿ, ಅದೇ ವರ್ಷ ಹಾಕಿದ್ದು. ಅಂದಿನಿಂದ ಟ್ರೇಲರು, ಟ್ಯಾಂಕರು, ಗೇಟು, ಕಿಟಕಿ ಎಂದು ಕಬ್ಬಿಣವನ್ನು ಕೊಯ್ದು ಕೂಡಿಸಿ ಕೊಯ್ದು ಕೂಡಿಸಿ, ಅದರ ಹೊಟ್ಟೆಯೊಳಗಿನ ಗುಟ್ಟೆಲ್ಲ ನನಗೆ ಗೊತ್ತು ಎಂಬ ಸೊಕ್ಕು ಬಂದುಬಿಟ್ಟಿತ್ತು. ಆ ಸೊಕ್ಕು ಇಳಿದದ್ದು ಒಂದು ಮುಂಜಾನೆ, ಬೇವೂರಿನ ಆಚೆಗಿನ ಗುಡ್ಡದ ಮೇಲೆ. ಅಂದು ತೆರೆದ ಬಾಯಿ ಇನ್ನೂ ಪೂರ್ತಿ ಮುಚ್ಚಿಲ್ಲ ಎಂದು ನನ್ನ ಹೆಂಡತಿ ಈಗಲೂ ಚಾಷ್ಟಿ ಮಾಡುತ್ತಾಳೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದರಲ್ಲೂ ಸಪ್ಪಳ ಮಾಡುವ ಟ್ರೇಲರ್ ಕಂಡರೆ ತಡೆಯಲಾಗುವುದಿಲ್ಲ. ರಸ್ತೆಯಲ್ಲಿ ಯಾರದೋ ಟ್ರೇಲರು ಕಟಕಟ ಎನ್ನುತ್ತ ಹೊರಟರೆ ನಿಲ್ಲಿಸಿ, ಪುಕ್ಕಟೆಯಾಗಿ ಬೈದು, ಪುಕ್ಕಟೆಯಾಗಿಯೇ ಎರಡು ಬೆಸುಗೆ ಹಾಕಿ ಕಳಿಸಿದ್ದುಂಟು. ಹೇಮಪ್ಪನ ಕೈ ದಾಟಿ ಬಂದ ಗಾಡಿ ಸಪ್ಪಳ ಮಾಡುವುದಿಲ್ಲ ಎಂದು ಸುತ್ತಲಿನ ಹಳ್ಳಿಗಳಲ್ಲಿ ಹೆಸರಿತ್ತು. ಬಿಗಿಯಾಗಿದ್ದರೆ ಗಟ್ಟಿ, ಸಡಿಲಾಗಿದ್ದರೆ ಇವತ್ತಲ್ಲ ನಾಳೆ ಮುರಿಯುತ್ತದೆ. ನನ್ನ ವಿದ್ಯೆಯೆಲ್ಲ ಇಷ್ಟೇ ಆಗಿತ್ತು.

ನಮ್ಮ ಅಕ್ಕ ಹಂಪವ್ವ ಬೇವೂರಿನವಳು. ಗಂಡ ತೀರಿಹೋದ ಮೇಲೆ ಎರಡು ಎತ್ತು, ಒಂದು ಚಕ್ಕಡಿ, ಹನ್ನೆರಡು ಎಕರೆ ಒಣಭೂಮಿ, ಮಡಿಲಲ್ಲಿ ಆರು ತಿಂಗಳ ಕೂಸು ಇಟ್ಟುಕೊಂಡು ಯಾರ ಮುಂದೆಯೂ ಕೈಚಾಚದೆ ಬದುಕಿದವಳು. ಆ ಕೂಸೇ ರಂಜಿತಾ. ನನಗೆ ಮಕ್ಕಳಿಲ್ಲ. ರಂಜಿತಾ ನಡೆಯಲು ಕಲಿತದ್ದು ನನ್ನ ಬೆರಳು ಹಿಡಿದು, ಟ್ರ್ಯಾಕ್ಟರ್ ಕಲಿತದ್ದು ನನ್ನ ತೊಡೆಯ ಮೇಲೆ ಕೂತು. ಬಿ.ಎ. ಮುಗಿಸಿ ಸರಕಾರಿ ನೌಕರಿಯ ಪರೀಕ್ಷೆಗೆ ಓದುತ್ತಲೇ, ಎತ್ತು ಮಾರಿ ಹಳೆಯ ಟ್ರ್ಯಾಕ್ಟರ್ ತಂದು ಹೊಲ ತಾನೇ ಹೊಡೆಯುತ್ತಿದ್ದಳು. ಅವಳು ಸ್ಟೇರಿಂಗ್ ಹಿಡಿದು ಊರೊಳಗೆ ಬಂದರೆ ಗಂಡಸರು ದಾರಿ ಬಿಟ್ಟು ನಿಲ್ಲುತ್ತಿದ್ದರು. ನನಗೆ ಎದೆ ಉಬ್ಬುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು. ಅವಳಿಗೆ ಏನಾದರೂ ಆದರೆ ನನಗೆ ಇನ್ನೊಬ್ಬ ರಂಜಿತಾ ಎಲ್ಲಿಂದ ಬರಬೇಕು.

ಏಳೆಂಟು ವರ್ಷದ ಹಿಂದಿನ ಮಾತು. ಗಾಳಿಯಂತ್ರದ ಕಂಪನಿಯೊಂದು ಬೇವೂರಿನ ಆಚೆಗಿನ ಗುಡ್ಡದ ಮೇಲೆ ಕಂಬ ನಿಲ್ಲಿಸಲು ಬಂತು. ಒಂದೊಂದು ಕಂಬದ ಬುಡಕ್ಕೆ ಒಂದು ಬಾವಿಯಷ್ಟು ಕಾಂಕ್ರೀಟು. ಕಾಂಕ್ರೀಟು ಕುಡಿದಷ್ಟು ದಿನ ನೀರು ಕುಡಿಸಬೇಕು. ಗುಡ್ಡದ ಮೇಲೆ ಹನಿ ನೀರಿಲ್ಲ. ಬುಡದಲ್ಲಿ ಅಕ್ಕನ ಹೊಲದ ಬೋರಿನಲ್ಲಿ ಬೇಕಾದಷ್ಟು ಇತ್ತು. ರಂಜಿತಾ ಟ್ಯಾಂಕರಿನಲ್ಲಿ ನೀರು ಏರಿಸುವ ಕೆಲಸ ಹಿಡಿದಳು. ದಾರಿ ಎಂದರೆ ದಾರಿಯಲ್ಲ. ಜೆಸಿಬಿ ಕಲ್ಲು ಸರಿಸಿ ಗೀರಿದ ಒಂದು ಗೀರು. ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಮಳೆನೀರು ಕೊರೆದ ಕೊರಕಲು.

ವಾರ ಕಳೆಯುವುದರೊಳಗೆ ಅವಳು ಟ್ರ್ಯಾಕ್ಟರ್ ಒಂದನ್ನೇ ಹೊಡೆದುಕೊಂಡು ಅಂಗಡಿಗೆ ಬಂದಳು. ಕೈಯಲ್ಲಿ ಹರಿದ ಕಬ್ಬಿಣದ ತುಂಡು. ಟ್ರ್ಯಾಕ್ಟರಿಗೂ ಟ್ಯಾಂಕರಿಗೂ ಗಂಟು ಹಾಕುವ ಕೊಂಡಿ ಅದು. ಎರಡು ದಪ್ಪ ಪಟ್ಟಿಗಳ ನಡುವೆ ಒಂದು ಗೂಟ ಇಳಿಬಿಟ್ಟಿರುತ್ತಾರೆ. ಪಟ್ಟಿ ಹಳೆಯ ಅಂಗಿಯಂತೆ ಹರಿದುಹೋಗಿತ್ತು.

"ಮಾಮಾ, ಇದು ರೋಡಿನ ಕೊಂಡಿ. ನನಗ ಗುಡ್ಡದ ಕೊಂಡಿ ಬೇಕು" ಎಂದಳು.

"ಇದಕ್ಕಿಂತ ದಪ್ಪನ್ನ ಪಟ್ಟಿ ಹಾಕಿ ಕೊಡ್ತೀನಿ ತಗೋ."

"ದಪ್ಪದ ಮಾತಲ್ಲದು. ಮ್ಯಾಲ ಏರೂ ಮುಂದ ಟ್ರ್ಯಾಕ್ಟರ್ ಎಡಕ್ಕ ವಾಲ್ತೈತಿ, ಹಿಂದ ಟ್ಯಾಂಕರ್ ಬಲಕ್ಕ ವಾಲ್ತೈತಿ. ಒಳಗ ನೀರು ತುಳುಕಾಡ್ತೈತಿ. ಅದು ಜಗ್ಗಿದ್ದೆಲ್ಲಾ ನನ್ನ ಕುಂಡಿ ಕೆಳಗ ಬರ್ತೈತಿ ಮಾಮಾ. ಅದು ಪಲ್ಟಿ ಆದ್ರ ನನ್ನೂ ತಗೊಂಡ ಬೀಳ್ತೈತಿ. ಅದು ಬಿದ್ರೂ ನಾ ಬೀಳಬಾರ್ದು, ಅಂಥಾದು ಬೇಕು."

ಮರುದಿನ ಇಬ್ಬರೂ ಗಂಗಾವತಿಗೆ ಹೋದೆವು. ಅಲ್ಲಿ ರಾಜಾಸಾಬ ಎಂಬವನ ಗುಜರಿ ಅಂಗಡಿ ಇದೆ. ಭತ್ತದ ಸೀಮೆಯಾದ್ದರಿಂದ ಮನೆಗೊಂದು ಟ್ರ್ಯಾಕ್ಟರು. ಅವುಗಳ ಕೈಕಾಲು ಮುರಿದದ್ದೆಲ್ಲ ಕೊನೆಗೆ ರಾಜಾಸಾಬನ ಅಂಗಳಕ್ಕೆ ಬಂದು ಬೀಳುತ್ತದೆ. ಅವನು ಮೂರು ಥರದ ಕೊಂಡಿ ತಂದು ನಮ್ಮ ಮುಂದೆ ಸಾಲಾಗಿ ಇಟ್ಟ.

ಮೊದಲನೆಯದು ನಮ್ಮ ಹಳೆಯ ಗೂಟದ ಕೊಂಡಿಯೇ, ದಪ್ಪ ಪಟ್ಟಿಯದು. ರಂಜಿತಾ ಅದನ್ನು ಕಾಲಿನಿಂದ ಆಚೆ ಸರಿಸಿದಳು. ಎರಡನೆಯದು ಗುಂಡಿನ ಕೊಂಡಿ. ಟ್ರ್ಯಾಕ್ಟರಿಗೆ ಒಂದು ಉಕ್ಕಿನ ಗುಂಡು, ಅದರ ಮೇಲೆ ಟ್ಯಾಂಕರಿನಿಂದ ಬಂದ ಬಟ್ಟಲು ಬೋರಲಾಗಿ ಕೂತು ಗಪ್ಪನೆ ಮುಚ್ಚಿಕೊಳ್ಳುತ್ತದೆ. ನನಗೆ ಕಂಡ ಕೂಡಲೇ ಮನಸ್ಸಿಗೆ ಬಂತು. ಅಲುಗಾಡಿಸಿದೆ, ಒಂದಿಷ್ಟೂ ಸಪ್ಪಳವಿಲ್ಲ.

"ರೋಡಿಗೆ ಇದರಂಥಾದು ಇಲ್ಲ ಹೇಮಪ್ಪಣ್ಣ" ಎಂದ ರಾಜಾಸಾಬ. "ಆದ್ರ ನಿಮ್ಮ ಕಡೆ ಗರಸು ಮಣ್ಣು ನೋಡ್ರಿ. ಬಟ್ಟಲದಾಗ ಮಣ್ಣು ಹೊಕ್ಕರ ಗುಂಡು ತಿಂದು ಹಾಕ್ತೈತಿ. ಮತ್ತ ಇದು ಒಂದಿಷ್ಟು ಹೊಳ್ಳತೈತಿ, ಆಮ್ಯಾಲ ಹಿಡಕೊಂತೈತಿ. ಗುಡ್ಡದಾಗ ಹಿಡಕೊಂಡ್ರ ಖತಂ."

ಮೂರನೆಯದನ್ನು ಅವನು ಇಬ್ಬರು ಆಳುಗಳ ಕೈಯಲ್ಲಿ ಹೊರಿಸಿ ತಂದ. ಯಾವುದೋ ಮಿಲ್ಟ್ರಿ ಗಾಡಿಯದಂತೆ, ಹರಾಜಿನಲ್ಲಿ ಬಂದದ್ದು. ಮುಂದೆ ಮಣಿಕಟ್ಟಿನಷ್ಟು ದಪ್ಪದ ಉಕ್ಕಿನ ರಿಂಗು. ರಿಂಗಿನ ಹಿಂದೆ ಒಂದು ಗಟ್ಟಿ ದಂಡ, ಆ ದಂಡ ಒಂದು ದಪ್ಪ ಕೊಳವೆಯೊಳಗೆ ಹೊಕ್ಕಿತ್ತು. ಕೊಳವೆಯನ್ನು ಟ್ಯಾಂಕರಿಗೆ ಬೆಸೆಯುವುದು, ರಿಂಗನ್ನು ಟ್ರ್ಯಾಕ್ಟರಿನ ಹುಕ್ಕಿಗೆ ಸಿಕ್ಕಿಸುವುದು. ರಂಜಿತಾ ಕುಕ್ಕರಗಾಲಲ್ಲಿ ಕೂತು ತೋರುಬೆರಳಿನಿಂದ ರಿಂಗನ್ನು ಮೆಲ್ಲಗೆ ತಳ್ಳಿದಳು. ಅಷ್ಟು ದೊಡ್ಡ ಕಬ್ಬಿಣ, ಕುಂಬಾರನ ಚಕ್ರದಂತೆ ಸುತ್ತು ತಿರುಗಿತು. ಪೂರ್ತಿ ಒಂದು ಸುತ್ತು ತಿರುಗಿ, ಇನ್ನರ್ಧ ತಿರುಗಿ, ನಿಂತಿತು. ಇಬ್ಬರು ಆಳು ಎತ್ತಿದ ತೂಕ ಅವಳ ಒಂದು ಬೆರಳಿಗೆ ಕುಣಿದದ್ದು ಕಂಡು ಸುಮ್ಮನಿರಬೇಕಿತ್ತು ನಾನು.

"ಇದು ಕಟಕಟ ಅಂತೈತಿ" ಎಂದೆ.

"ಅನ್ನಲಿ ಬಿಡು ಮಾಮಾ. ಹಿಂದಿಂದು ನನಗ ಕಾಣೂದಿಲ್ಲ. ಸಪ್ಪಳ ಮಾಡಿದ್ರ ಎಲ್ಲಿ ಹೆಂಗ ಬರಾಕತ್ತೈತಿ ಅಂತ ಗೊತ್ತಾಗ್ತೈತಿ."

"ತಿರುಗೂದು ಸವಿತೈತಿ ಯವ್ವಾ. ಸವದದ್ದು ಒಂದಿನ ಕಳಚತೈತಿ. ಏರಿನ್ಯಾಗ ಟ್ಯಾಂಕರ್ ಕಳಚಿ ಹಿಂದಕ್ಕ ಹೋದ್ರ ಏನ್ ಮಾಡ್ತಿ?"

ರಾಜಾಸಾಬ ನನ್ನ ಮುಖ, ಅವಳ ಮುಖ ನೋಡಿ, "ಗಾಡಿ ಯಾರು ಹೊಡಿತಾರ, ಅವರಿಗೆ ಬಿಡ್ರಿ ಅಣ್ಣ" ಎಂದ. ರಿಂಗು ನಮ್ಮ ಜೊತೆ ಯಲಬುರ್ಗಾಕ್ಕೆ ಬಂತು.

ಟ್ಯಾಂಕರನ್ನು ಲಾರಿಗೆ ಹೇರಿಸಿ ಅಂಗಡಿಗೆ ತರಿಸಿ, ಎರಡು ದಿನ ಕೂತು ಕೊಂಡಿ ಕೂಡಿಸಿದೆ. ಕೆಲಸದಲ್ಲಿ ಕಳ್ಳತನ ಮಾಡಲಿಲ್ಲ. ಕೊಳವೆಯ ಸುತ್ತ ಹಾಕಿದ ಬೆಸುಗೆ ನೋಡಲು ನನಗೇ ಹೆಮ್ಮೆಯಾಗುತ್ತಿತ್ತು. ಎರಡನೆಯ ದಿನ ಅಕ್ಕನೂ ಬಸ್ಸಿಗೆ ಬಂದಳು, ರೊಟ್ಟಿ ಬುತ್ತಿ ಕಟ್ಟಿಕೊಂಡು. ಊಟಕ್ಕೆ ಮೊದಲು ಕೊಂಡಿ ತೋರಿಸು ಎಂದಳು. ಬಗ್ಗಿ, ಹುಕ್ಕಿಗೂ ರಿಂಗಿಗೂ ನಡುವೆ ತನ್ನ ಎರಡು ಬೆರಳು ತೂರಿಸಿ ನೋಡಿದಳು. ಬೆರಳು ಸಲೀಸಾಗಿ ಹೋದವು. ಆಮೇಲೆ ರಿಂಗನ್ನು ಆಚೀಚೆ ತಿರುವಿ ನೋಡಿ, "ಹಾಂ. ಇದು ನಮ್ಮ ಚಕ್ಕಡಿ ಹಾಂಗ ಐತಿ" ಎಂದಳು.

ಅದು ಅವಳ ಹಳೆಯ ರೂಢಿ, ಚಕ್ಕಡಿ ಮಗುಚಿದರೂ ಎತ್ತಿನ ಕೊರಳು ತಿರುಚಬಾರದೆಂದು. ಚಕ್ಕಡಿ ಹೂಡುವಾಗ ನೊಗವನ್ನು ತೊಗಲಿನ ಮಿಣಿಯಿಂದ ಬಿಗಿದ ಮೇಲೆ ಮಿಣಿಗೂ ನೊಗಕ್ಕೂ ನಡುವೆ ಎರಡು ಬೆರಳು ಹಾಕಿ ನೋಡುತ್ತಿದ್ದಳು. ಬೆರಳು ಹೋಗದಿದ್ದರೆ, ಎಷ್ಟೇ ಅವಸರವಿರಲಿ, ಬಿಚ್ಚಿ ಮತ್ತೆ ಕಟ್ಟುವುದೇ. ಹುಲಿಗಿಯ ಹುಣ್ಣಿಮೆ ಜಾತ್ರೆಗೆ ಊರೆಲ್ಲ ಚಕ್ಕಡಿ ಹೂಡಿಕೊಂಡು ಹೊರಟಾಗ ಅವಳೊಬ್ಬಳು ಬಿಚ್ಚಿ ಕಟ್ಟುತ್ತ ನಿಂತು, ಎಲ್ಲರ ಕೈಲಿ ಬೈಸಿಕೊಂಡದ್ದನ್ನು ನಾನೇ ಕಂಡಿದ್ದೇನೆ.

"ಯಕ್ಕಾ, ಎತ್ತು ಬ್ಯಾರೆ, ಎಂಜಿನ್ ಬ್ಯಾರೆ" ಎಂದೆ.

"ಬೀಳೂದು ಒಂದ ಥರಾ ಬೀಳ್ತಾವು ತಮ್ಮಾ" ಎಂದು ರೊಟ್ಟಿ ಬಿಚ್ಚಿದಳು.

ಊಟವಾದ ಮೇಲೆ ತಾಯಿ ಮಗಳು ಸಂತೆಗೆ ಹೋದರು. ನಾನು ಟ್ಯಾಂಕರನ್ನು ಅಂಗಳದಲ್ಲಿ ಹಿಂದೆ ಮುಂದೆ ಆಡಿಸಿ ನೋಡಿದೆ. ದಂಡ ಕೊಳವೆಯೊಳಗೆ ಹೊರಳಿದಂತೆಲ್ಲ ಕಟ್, ಕಟಕಟ, ಕಟ್. ಆ ಸಪ್ಪಳ ಹಲ್ಲಿನ ಸಂದಿಯಲ್ಲಿ ಮರಳು ಸಿಕ್ಕಂತೆ ನನ್ನನ್ನು ತಿಂದುಹಾಕಿತು. ಬರೀ ಸಪ್ಪಳದ ಮಾತಾಗಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ಅದು ತಿರುಗಿ ತಿರುಗಿ, ಸವೆದು, ಆ ಏರಿನಲ್ಲಿ ಕಳಚಿಕೊಂಡು ಹೋದಂತೆ ಕಣ್ಣ ಮುಂದೆ ಬಂತು. ರಂಜಿತಾಳ ಹಣೆಬರಹವನ್ನು ಒಂದು ತಿರುಗುವ ದಂಡಕ್ಕೆ ಒಪ್ಪಿಸಿ ನಾನು ಮನೆಯಲ್ಲಿ ಹೇಗೆ ಉಣ್ಣಲಿ? ಅಂಗೈಯಷ್ಟು ಒಂದು ಪಟ್ಟಿ ಕೊಯ್ದೆ. ಕೊಳವೆಯ ಅಡಿಯಲ್ಲಿ, ಕಣ್ಣಿಗೆ ಬೀಳದ ಕಡೆ, ದಂಡಕ್ಕೂ ಕೊಳವೆಗೂ ಸೇರಿಸಿ ಆ ಪಟ್ಟಿಯನ್ನು ಬೆಸೆದುಬಿಟ್ಟೆ. ಬಿಸಿ ಆರುವ ಮೊದಲೇ ಕರಿ ಬಣ್ಣ ಹಚ್ಚಿದೆ, ಮೇಲೆ ಗ್ರೀಸು ಮೆತ್ತಿದೆ. ರಿಂಗು ಇನ್ನು ತಿರುಗುವಂತಿರಲಿಲ್ಲ. ಅವರಿಬ್ಬರೂ ಬಂದಾಗ ನಾನು ಬೀಡಿ ಸೇದುತ್ತ ಕೂತಿದ್ದೆ. ಹೇಳಲಿಲ್ಲ. ಹೇಳಿದರೆ ಜಗಳವಾಗುತ್ತದೆ, ಜಗಳದಲ್ಲಿ ಆ ಹುಡುಗಿ ಗೆಲ್ಲುತ್ತಾಳೆ ಎಂದು ಗೊತ್ತಿತ್ತು.

ಟ್ಯಾಂಕರು ಕುಷ್ಟಗಿ ರಸ್ತೆಗೆ ಇಳಿದು ತಿರುವಿನಲ್ಲಿ ಮರೆಯಾಗುವವರೆಗೂ ಕಿವಿಗೊಟ್ಟು ನಿಂತೆ. ಒಂದು ಚೂರೂ ಸಪ್ಪಳವಿರಲಿಲ್ಲ. ಅಂದು ರಾತ್ರಿ ಸುಖವಾಗಿ ನಿದ್ದೆ ಮಾಡಿದೆ.

ಹತ್ತು ದಿನ ಬಿಟ್ಟು ರಂಜಿತಾ ಫೋನು ಮಾಡಿದಳು. ಮೊದಲನೆಯ ಕಂಬ ನಿಂತಿದೆ, ನಾಳೆ ರೆಕ್ಕೆ ಬರುತ್ತದೆ, ನೋಡಲು ಬಾ ಎಂದಳು. ಮುಂಜಾನೆಯೇ ಟಿವಿಎಸ್ ಹತ್ತಿ ಹೊರಟೆ. ಹಿಂದಿನ ಸಂಜೆ ಒಂದು ಹದ ಮಳೆಯಾಗಿತ್ತು. ಎರಿ ಹೊಲಗಳು ಕರ್ರಗೆ ಮಿಂಚುತ್ತಿದ್ದವು. ಗಾಡಿಯನ್ನು ಬುಡದಲ್ಲಿ ಬಿಟ್ಟು ಗುಡ್ಡ ಏರಿದೆ.

ಕಂಬದ ಬುಡದಲ್ಲಿ ನಿಂತು ತಲೆಯೆತ್ತಿದೆ. ತಲೆಯ ಮೇಲಿನ ಟೊಪ್ಪಿಗೆ ಹಿಂದಕ್ಕೆ ಜಾರಿತು, ತುದಿ ಸಿಗಲಿಲ್ಲ. ಮೋಡ ಓಡುತ್ತಿತ್ತು; ಕಂಬವೇ ನನ್ನ ಮೇಲೆ ಬೀಳುತ್ತಿದೆ ಅನಿಸಿ ಎರಡು ಹೆಜ್ಜೆ ಹಿಂದೆ ಸರಿದೆ. ಕಬ್ಬಿಣವೇ ಅದೂ. ನಾನು ಕೊಯ್ದು ಕೂಡಿಸುವ ಕಬ್ಬಿಣದ ಜಾತಿಯದೇ. ಅಂಗೈ ಇಟ್ಟು ನೋಡಿದೆ, ತಣ್ಣಗಿತ್ತು. ಇದನ್ನು ಬೆಸೆದವರ ಕೈ ಎಂಥದಿರಬೇಕು ಎಂದು ಆ ಕೈಗೆ ಮನಸ್ಸಿನಲ್ಲೇ ನಮಸ್ಕಾರ ಮಾಡಿದೆ.

ಅಷ್ಟರಲ್ಲಿ ರೆಕ್ಕೆ ಬಂತು. ಅದನ್ನು ತರಲು ಗುಡ್ಡದ ಇನ್ನೊಂದು ಮಗ್ಗುಲಿಗೆ ಅಗಲವಾದ ದಾರಿ ಮಾಡಿದ್ದರು. ಮೊದಲು ಲಾರಿಯ ಮೂತಿ ಕಂಡಿತು. ಆಮೇಲೆ ಬೆಳ್ಳಗೆ, ನುಣ್ಣಗೆ, ಮುಗಿಯದಂತೆ ರೆಕ್ಕೆ ಬರುತ್ತಲೇ ಇತ್ತು. ನಮ್ಮ ಯಲಬುರ್ಗಾದ ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ಮಲಗಿಸಿದರೆ ಎರಡೂ ತುದಿ ಹೊರಗುಳಿಯುತ್ತವೆ. ಲಾರಿ ಒಂದು ತಗ್ಗಿಗೆ ಇಳಿಯಿತು. ಮುಂದಿನ ಭಾಗ ಎಡಕ್ಕೆ ವಾಲಿತು, ರೆಕ್ಕೆ ಹೊತ್ತ ಹಿಂದಿನ ಗಾಲಿಗಳು ಬಲಕ್ಕೆ ವಾಲಿದವು. ಏನೂ ಆಗಲಿಲ್ಲ. ನಡುವಿನ ಕೊಂಡಿಯಲ್ಲಿ ಕಬ್ಬಿಣ ಕಬ್ಬಿಣದ ಮೇಲೆ ಮೆಲ್ಲಗೆ ಹೊರಳಿತು. ಮುಂದಿನದು ಮುಂದಿನದರ ಪಾಡಿಗೆ, ಹಿಂದಿನದು ಹಿಂದಿನದರ ಪಾಡಿಗೆ ವಾಲಿ, ರೆಕ್ಕೆ ನಿದ್ದೆ ಮಾಡುವ ಕೂಸಿನಂತೆ ಅಲುಗದೆ ತಗ್ಗು ದಾಟಿತು. ಇಡೀ ಹೊತ್ತು ಆ ಕೊಂಡಿ ಕಟ್, ಕಟಕಟ, ಕಟ್ ಎನ್ನುತ್ತಿತ್ತು.

ಗಾಡಿಯ ಜೊತೆಗೇ ನಡೆದು ಬರುತ್ತಿದ್ದ ಕೆಲಸಗಾರನೊಬ್ಬ ಚಿತ್ರದುರ್ಗದ ಕಡೆಯವನು. "ಅಲ್ರಿ, ಕೊಂಡಿ ಸಡಿಲ ಆಗೇತಲ್ಲ, ಒಂದು ಬೆಸಿಗಿ ಹಾಕಬಾರ್ದೇನ್ರಿ?" ಎಂದು ಕೇಳಿದೆ. ಅವನು ನಕ್ಕ.

"ಸಡಿಲ ಆಗಿಲ್ಲ ಯಜಮಾನ್ರೆ, ಸಡಿಲ ಇಟ್ಟಿರೋದು. ಬೆಸುಗೆ ಹಾಕಿದ್ರೆ ಹಿಂದಿನದು ಬಿದ್ದಾಗ ಮುಂದಿನದನ್ನೂ ಎತ್ತಿ ಹಾಕ್ತದೆ. ಡ್ರೈವರ್ ಉಳಿಯಲ್ಲ."

ಇಷ್ಟು ಹೇಳಿ ಅವನು ನಡೆದುಹೋದ. ಲೋಕದಲ್ಲೇ ದೊಡ್ಡ ಭಾರವನ್ನು ಹೊತ್ತವರು ಸಡಿಲ ಇಟ್ಟುಕೊಂಡು ಬಂದಿದ್ದಾರೆ. ನಾನು ನನ್ನ ಕೂಸಿನ ಬೆನ್ನಿಗೆ ನಾಲ್ಕು ಸಾವಿರ ಲೀಟರ್ ನೀರನ್ನು ಬೆಸೆದು ಕಳಿಸಿದ್ದೇನೆ. ಹತ್ತು ದಿನದಿಂದ ಅವಳು ಅದನ್ನು ಕಟ್ಟಿಕೊಂಡು ದಿನಕ್ಕೆ ಆರು ಸಲ ಈ ಗುಡ್ಡ ಏರುತ್ತಿದ್ದಾಳೆ.

ಕೆಳಗೆ ನೋಡಿದೆ. ಅಕ್ಕನ ಬೋರಿನ ಹತ್ತಿರದಿಂದ ಕೆಂಪು ಟ್ರ್ಯಾಕ್ಟರ್ ಹೊರಟಿತ್ತು. ಹಿಂದೆ ತುಂಬಿದ ಟ್ಯಾಂಕರು.

ಓಡಿದೆ. ಐವತ್ತೈದು ವರ್ಷದ ಬೊಜ್ಜಿನ ಮನುಷ್ಯ, ಚಪ್ಪಲಿ ಒಂದು ಕಡೆ, ಟೊಪ್ಪಿಗೆ ಒಂದು ಕಡೆ, ಹೆಗಲ ಮೇಲಿನ ಟವೆಲ್ ಬೀಸುತ್ತ ಆ ಗೀರಿನ ದಾರಿಯಲ್ಲಿ ಇಳಿದು ಓಡಿದೆ. ನಿಲ್ಲಿಸು ಎಂದು ಕೂಗಿದ್ದು ಎಂಜಿನ್ನಿನ ಸದ್ದಿನಲ್ಲಿ ಅವಳಿಗೆ ಹೇಗೆ ಕೇಳಬೇಕು. ದಾರಿ ಕಿರಿದಾಗುವ ತಿರುವಿನಲ್ಲಿ ಇಬ್ಬರೂ ಎದುರಾದೆವು. ಹಸಿ ಮಣ್ಣಿನಲ್ಲಿ ಕಾಲು ಜಾರಿ ನಾನು ಟ್ರ್ಯಾಕ್ಟರಿನ ಮುಂದೆಯೇ ಬಿದ್ದೆ. ಅವಳು ನನ್ನನ್ನು ಉಳಿಸಲು ಸ್ಟೇರಿಂಗನ್ನು ಹೊರಮಗ್ಗುಲಿಗೆ ತಿರುವಿದಳು. ಟ್ರ್ಯಾಕ್ಟರು ನನ್ನನ್ನು ದಾಟಿತು. ಅದರ ಬೆನ್ನಿಗೆ ಬಂದ ಟ್ಯಾಂಕರಿನ ಹೊರಗಾಲಿ ಮಳೆಗೆ ನೆಂದ ಅಂಚಿನ ಮೇಲೆ ಬಂತು. ಅಂಚು ಕುಸಿಯಿತು.

ಅಲ್ಲಿಂದ ಮುಂದಿನದನ್ನು ನಾನು ಮಣ್ಣಿನಲ್ಲಿ ಬಿದ್ದುಕೊಂಡೇ ನೋಡಿದೆ. ಟ್ಯಾಂಕರು ಒಂದು ಮಗ್ಗುಲಿಗೆ ವಾಲಿತು. ಒಳಗಿನ ನೀರು ಧಡ್ ಎಂದು ಆ ಮಗ್ಗುಲಿಗೆ ಬಡಿಯಿತು. ಮುಗಿಯಿತು, ನಾನೇ ಕೊಂದೆ ಎಂದುಕೊಂಡೆ. ಆ ಪಟ್ಟಿ, ಅಂಗೈಯಷ್ಟು ಪಟ್ಟಿ, ಕಣ್ಣಿಗೆ ಕಟ್ಟಿತು. ಟ್ಯಾಂಕರು ಹೊರಳಿತು; ಅದರ ಒಂದು ಗಾಲಿ ಆಕಾಶಕ್ಕೆ ಬಂತು, ಎರಡನೆಯದೂ ಬಂತು. ಇನ್ನು ಟ್ರ್ಯಾಕ್ಟರು ಎದ್ದು ಅವಳ ಮೇಲೆ ಬೀಳಬೇಕು. ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ಒಂದು ಗೇಣು ನೆಲ ಬಿಟ್ಟವು. ಆಗ ನನ್ನ ಕಣ್ಣ ಮುಂದೆ ಆ ಕೊಂಡಿ ತಿರುಗಿತು. ಹುಕ್ಕಿನಲ್ಲಿ ರಿಂಗು ಇದ್ದಲ್ಲೇ ಇತ್ತು. ಅದರ ಹಿಂದೆ ಅಷ್ಟೂ ಭಾರ ದಂಡದ ಸುತ್ತ ಬುಗುರಿಯಂತೆ ಹೊರಳಿ, ಕೊರಕಲಿನ ದಡಕ್ಕೆ ಬೆನ್ನು ಕೊಟ್ಟು ಕಾಲು ಮೇಲೆ ಮಾಡಿ ಮಲಗಿತು. ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ಮೆಲ್ಲಗೆ ನೆಲಕ್ಕೆ ಬಂದವು. ಮುಚ್ಚಳ ಕಿತ್ತು ನೀರೆಲ್ಲ ಹರಿಯತೊಡಗಿತು.

ರಂಜಿತಾ ಸೀಟಿನ ಮೇಲೆ ಕೂತೇ ಇದ್ದಳು. ಕೊರಳಿಗೆ ಸುತ್ತಿದ ವೇಲು ಕೂಡ ಜಾರಿರಲಿಲ್ಲ. ಎಂಜಿನ್ ಬಂದ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಇಳಿದು ಬಂದಳು.

"ಮಾಮಾ, ಪೆಟ್ಟಾತೇನು?" ಎಂದಳು.

ಪೆಟ್ಟಾಯಿತೇನು ಎಂದು ಅವಳು ನನ್ನನ್ನು ಕೇಳಿದಳು. ಅವಳ ಕೈ, ಭುಜ, ಮುಖ ಮುಟ್ಟಿ ಮುಟ್ಟಿ ನೋಡಿದೆ. ಬೆಚ್ಚಗಿದ್ದಳು. ದೇವರನ್ನು ಕಂಡಂತೆ ಎನ್ನುತ್ತಾರಲ್ಲ, ನನಗೆ ದೇವರನ್ನು ಕಂಡು ಗೊತ್ತಿಲ್ಲ. ಆದರೆ ಆ ಹೊತ್ತಿಗೆ ಗುಡ್ಡವೇ ನನ್ನೊಂದಿಗೆ ಉಸಿರು ಬಿಗಿಹಿಡಿದು ನಿಂತಿದೆ ಅನಿಸಿತು, ಆ ಹುಡುಗಿಯ ಕಾಲು ಹಿಡಿಯಬೇಕು ಅನಿಸಿತು.

ಆಮೇಲೆ ಮೊಣಕಾಲೂರಿ ಕೊಂಡಿಯ ಕಡೆ ಹೋದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಕೊಳವೆಯ ಅಡಿಯಲ್ಲಿ ಪಟ್ಟಿ ಇಲ್ಲದ್ದು ಕಂಡಾಗ ನನಗೆ ಮೊದಲು ಬಂದದ್ದು ಸಿಟ್ಟು. ನನ್ನ ಬೆಸುಗೆ ಬಿಟ್ಟಿತೇ? ಇಪ್ಪತ್ತು ವರ್ಷದಲ್ಲಿ ಬಿಡದ್ದು ಈಗ ಬಿಟ್ಟಿತೇ? ಬೆರಳಿನಿಂದ ಗ್ರೀಸು ಒರೆಸಿದೆ. ಬೆಸುಗೆ ಬಿಟ್ಟಿರಲಿಲ್ಲ. ಅದನ್ನು ಚಾಣದಿಂದ, ಕಬ್ಬಿಣ ಕಡಿಯುವ ಉಳಿಯಿಂದ, ಹೊಡೆದು ಹೊಡೆದು ತೆಗೆದಿದ್ದರು. ಸಣ್ಣ ಸಣ್ಣ ಏಟುಗಳು, ನೂರಾರು, ಒಂದರ ಪಕ್ಕ ಒಂದು. ಗಾಯಗಳೆಲ್ಲ ಹಳೆಯವಾಗಿ ತುಕ್ಕು ಹಿಡಿದಿದ್ದವು.

ಅಷ್ಟು ಹೊತ್ತಿಗೆ ಅಕ್ಕ ಬೋರಿನ ಹತ್ತಿರದಿಂದ ಸೀರೆ ಎತ್ತಿ ಕಟ್ಟಿಕೊಂಡು ಏದುಸಿರು ಬಿಡುತ್ತ ಏರಿ ಬಂದಳು. ಮೊದಲು ಮಗಳನ್ನು ತಬ್ಬಿಕೊಂಡಳು. ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ನನ್ನನ್ನು, ನನ್ನ ಗ್ರೀಸು ಹತ್ತಿದ ಬೆರಳನ್ನು ನೋಡಿದಳು.

"ಯಾರು ತಗದಾರ ಇದನ್ನ?" ಎಂದೆ.

"ನಾವ ಇಬ್ಬರೂ. ತಂದ ಮರುದಿನಾನ."

"ನಿಮಗ ಹೆಂಗ ಗೊತ್ತಾತು?"

"ನಿನ್ನ ಅಂಗಡಿ ಬಿಟ್ಟು ಊರಿಗೆ ಬರೂತನಕ ಸಪ್ಪಳ ಇರಲಿಲ್ಲ. ಊಟಕ್ಕ ಮೊದ್ಲ ನಾ ತಿರುವಿದಾಗ ಮಾತಾಡತಿದ್ದದ್ದು ಸಂಜಿಗೆ ಬಾಯಿ ಮುಚ್ಚಿಕೊಂಡು ಬಂತು ಅಂದ್ರ ಏನೋ ಆಗೇತಿ ಅಂತ ತಿಳದೆ. ಹಿಡಿದು ತಿರುವಿದ್ರ ತಿರುಗಲಿಲ್ಲ. ಬೇವಿನ ಗಿಡದ ಬುಡಕ ಹೊತ್ತು ಮುಳುಗೂತನಕ ಕುಂತು ಕಡದ್ವಿ." ಅಕ್ಕನ ಮುಖದ ಮೇಲೆ ಸಣ್ಣ ನಗು ಬಂತು. "ನಿನ್ನ ಬೆಸಿಗಿ ಭಾಳ ಗಟ್ಟಿ ತಮ್ಮಾ. ಎರಡು ಚಾಣ ಮುರದ್ವು."

"ನನಗ್ಯಾಕ ಹೇಳಲಿಲ್ಲ ಯಕ್ಕಾ?"

"ಹೇಳಿದ್ರ ನೀ ಏನ್ ಮಾಡ್ತಿದ್ದಿ?"

ಬಾಯಿ ತೆರೆದೆ. ತೆಗೆಯುತ್ತಿದ್ದೆ ಎಂದು ಹೇಳಬೇಕೆಂದಿದ್ದೆ. ನನ್ನನ್ನು ನಾನು ಬಲ್ಲೆನಲ್ಲ. ಟಿವಿಎಸ್ ಹತ್ತಿ ಅವತ್ತೇ ಬೇವೂರಿಗೆ ಬರುತ್ತಿದ್ದೆ. ನನ್ನ ಕೆಲಸಕ್ಕೆ ಚಾಣ ಹಚ್ಚಿದ್ದಕ್ಕೆ ಇಬ್ಬರಿಗೂ ಬೈಯುತ್ತಿದ್ದೆ.

"ಇನ್ನೊಂದು ಪಟ್ಟಿ ಹೆಚ್ಚಿಗಿ ಹಾಕ್ತಿದ್ದೆ" ಎಂದೆ.

"ಅದಕ್ಕ" ಎಂದಳು ಅಕ್ಕ.

ಅಷ್ಟೇ. ಹತ್ತು ದಿನ ಅವರು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರು. ಫೋನಿನಲ್ಲಿ ಕೊಂಡಿ ಹೆಂಗೈತಿ ಎಂದು ನಾನು ಕೇಳಿದರೆ ರಂಜಿತಾ, ಛಲೋ ಐತಿ ಮಾಮಾ ಎನ್ನುತ್ತಿದ್ದಳು. ಕಂಬ ದೊಡ್ಡದು, ರೆಕ್ಕೆ ದೊಡ್ಡದು, ಕಣ್ಣ ಮುಂದೆ ಭೂಮಿಯಷ್ಟು ಭಾರ ಹೊರಳಿ ಒಂದು ಜೀವ ಉಳಿದದ್ದು ಇನ್ನೂ ದೊಡ್ಡದು. ಇವೆಲ್ಲಕ್ಕಿಂತ ನನಗೆ ದೊಡ್ಡವರಾಗಿ ಕಂಡದ್ದು ಈ ಇಬ್ಬರು. ನನ್ನಿಂದ ಜೀವವನ್ನೂ ಉಳಿಸಿಕೊಂಡರು, ನನ್ನ ಮರ್ಯಾದೆಯನ್ನೂ ಉಳಿಸಿದರು. ಅಳು ಬಂತು, ಅತ್ತೆ.

"ನಾ ಓಡಿ ಬರದಿದ್ರ ಅದು ಬೀಳ್ತಿರಲಿಲ್ಲ" ಎಂದೆ.

"ಹೌದು" ಎಂದಳು ರಂಜಿತಾ. ನನ್ನ ಪಕ್ಕದಲ್ಲಿ ಮಣ್ಣಿನಲ್ಲೇ ಕೂತು, ಟವೆಲಿನಿಂದ ನನ್ನ ಮುಖ ಒರೆಸಿದಳು. "ನೀ ಹಂಗ ಓಡಿ ಬರೂದು ನೋಡಿದ ಕೂಡಲೇ ಯಾಕ ಅಂತ ಗೊತ್ತಾತು ಮಾಮಾ."

ಮೇಲಿದ್ದವರು ಕ್ರೇನು ತಂದು ಟ್ಯಾಂಕರನ್ನು ನೆಟ್ಟಗೆ ಮಾಡಿಕೊಟ್ಟರು. ಒಂದು ಕಡೆ ನೆಗ್ಗಿತ್ತು, ಬೇರೇನೂ ಆಗಿರಲಿಲ್ಲ. ಹೊರಡುವ ಮೊದಲು ಅಕ್ಕ ನನ್ನ ಕೈ ಹಿಡಿದು ಕೊಂಡಿಯ ಹತ್ತಿರ ಒಯ್ದಳು. ಹುಕ್ಕಿಗೂ ರಿಂಗಿಗೂ ನಡುವೆ ನನ್ನ ಎರಡು ಬೆರಳು ತೂರಿಸಿದೆ. ಸಲೀಸಾಗಿ ಹೋದವು.

ಮಧ್ಯಾಹ್ನ ರಂಜಿತಾ ಟ್ರ್ಯಾಕ್ಟರ್ ಇಳಿಸಿಕೊಂಡು ಮುಂದೆ ಹೊರಟಳು. ಅಕ್ಕ ಅವಳ ಪಕ್ಕದ ಮಡ್‌ಗಾರ್ಡಿನ ಮೇಲೆ, ನಾನು ಹಿಂದೆ, ಬುಡದವರೆಗೆ ನಡೆದು, ಅಲ್ಲಿಂದ ಟಿವಿಎಸ್ ಮೇಲೆ. ಬರಿದಾದ ಟ್ಯಾಂಕರು ಕಲ್ಲಿನ ಮೇಲೆ ಹಾರುತ್ತ ದಾರಿಯುದ್ದಕ್ಕೂ ಕಟ್, ಕಟಕಟ, ಕಟ್ ಎನ್ನುತ್ತಿತ್ತು. ಒಂದು ತಿರುವಿನಲ್ಲಿ ಗಳಿಗೆ ಹೊತ್ತು ಸುಮ್ಮನಾಯಿತು. ನಾನು ಬ್ರೇಕ್ ಹಿಡಿದು ಕಿವಿಗೊಟ್ಟೆ. ಮತ್ತೆ ಕಟಕಟ ಕೇಳಿತು. ಬೇವೂರು ಮುಟ್ಟುವವರೆಗೂ ಆ ಸಪ್ಪಳ ನಿಲ್ಲದಿರಲಿ ಎಂದು ಬೇಡಿಕೊಳ್ಳುತ್ತ ಹಿಂದೆ ಹಿಂದೆಯೇ ಹೋದೆ.